ಮೂಗು ಸತ್ತ ನಾಯಿ

ಓಬಳರಾಜುವಿನ ಹಿತ್ತಲಿಗೆ ಬರುತ್ತಿದ್ದಂತೆ ಕುರಿನಾಯಿ ಕರಿಯ, ನೆಲ ಮೂಸುವುದನ್ನು ಬಿಟ್ಟು ಮೂಗನ್ನು ಗಾಳಿಗೆ ಎತ್ತಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ನೆಟ್ಟಗೆ ರಾಗಿ ಹುಲ್ಲಿನ ಬಣವೆಗೆ ನುಗ್ಗಿ ಕೆರೆಯತೊಡಗಿತು. ಹುಲ್ಲಿನಡಿಯಿಂದ ಹಸಿ ತೊಗಲೊಂದು ಹೊರಬಂತು. ನಾಯಿಯ ಹಿಂದೆಯೇ ಬಂದಿದ್ದ ಕುರಿಗಾಹಿ ಜುಂಜಪ್ಪ ಬಗ್ಗಿ ನೋಡಿದ. ನಿನ್ನೆ ಮಂದೆಯಿಂದ ಕಾಣೆಯಾದ ಹರಕೆಯ ಟಗರಿನದೇ. ಬೆನ್ನ ಮೇಲಿನ ಬಿಳಿ ಮಚ್ಚೆ ಸುಳ್ಳು ಹೇಳುವುದುಂಟೆ?

"ಏನ್ಲಾ ಜುಂಜ, ನಿನ್ನ ನಾಯಿ ನಮ್ಮನೇಲಿ ಕಳ್ಳನ್ನ ಹುಡುಕ್ತಾ ಐತಾ?" ಜಗಲಿಯ ಮೇಲಿದ್ದ ಓಬಳರಾಜು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತಾ ಕೇಳಿದ.

ಕಳ್ಳಂಬೆಳ್ಳದ ಕೆರೆಯ ಹಿಂದೆ ಒಂದಿಷ್ಟು ಮೇವು ಉಳಿದಿದ್ದದ್ದು ಓಬಳರಾಜುವಿನ ಹೊಲದಲ್ಲಿ ಮಾತ್ರ. ಮಂದೆ ತಂಗಿದ್ದೂ ಅಲ್ಲೇ. ಎಬ್ಬಿಸು ಅಂದುಬಿಟ್ಟರೆ ಅಷ್ಟು ಕುರಿಗಳನ್ನು ಹೊಡೆದುಕೊಂಡು ಹೋಗುವುದಾದರೂ ಎಲ್ಲಿಗೆ?

"ಅಯ್ಯೋ ಇಲ್ಲ ಕಣಣ್ಣ, ಮುದಿ ನಾಯಿ. ಮೂಗು ಸತ್ತೋಗೈತೆ," ಎನ್ನುತ್ತಾ ಜುಂಜಪ್ಪ ತಾನೇ ತೊಗಲಿನ ಮೇಲೆ ಹುಲ್ಲು ಎಳೆದ. ಆಮೇಲೆ ಕೋಲೆತ್ತಿ ಕರಿಯನ ಬೆನ್ನಿಗೆ ಬಾರಿಸಿದ.

ಕರಿಯ ಕುಂಯ್ ಅನ್ನಲಿಲ್ಲ, ಓಡಲೂ ಇಲ್ಲ. ಹತ್ತಿರ ಬಂದು ಕೋಲು ಹಿಡಿದ ಕೈಯನ್ನು ನಿಧಾನವಾಗಿ ಮೂಸಿತು. ಯಾರ ಕೈಯೆಂದು ಖಾತ್ರಿ ಮಾಡಿಕೊಂಡು, ಬಾಲ ಇಳಿಸಿ ಹೊರಟಿತು, ಮಂದೆಯ ಕಡೆಗಲ್ಲ.