ಜೇಬೆಜನ ಹೆಂಡತಿಯ ಬ್ರೆಡ್ಡು

ಮಿಸೆಸ್ ಹಾರ್ಬಾಟಲ್ ಕೈಚೀಲದಿಂದ ಡೈರಿಯನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಎಸೆಯುವಂತೆ ಮೇಜಿನ ಮೇಲೆ ಹಾಕಿದರು.

"ನಿಮ್ಮ ಗಂಡನ ಈ ಡೈರೀನ ನೀವು ಓದಿದ್ದೀರಾ?"

"ಓದಿದ್ದೀನಿ," ಎಂದಳು ಟ್ಯಾಮ್ಸಿನ್.

"ಓದಿಯೂ ನಮ್ಮ ಕೈಗೆ ಕೊಟ್ರಾ?"

"ನೀವೆಲ್ಲ ನಗ್ತೀರಿ ಅಂದ್ಕೊಂಡೆ."

"ನಗೋದಾ! ಅರ್ಧದಿಂದ ಮುಂದಕ್ಕೆ ಓದೋಕೇ ನನ್ನ ಕೈಲಾಗ್ಲಿಲ್ಲ, ತಾಯಿ."

ಹಡಗಿಳಿದು ಈ ಬಯಲಿಗೆ ಬಂದ ಮೊದಲಿಗರ ಕಾಗದಪತ್ರಗಳನ್ನು ಹೊಸ ವಾಚನಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಸಮಿತಿ ಮನೆಮನೆಗೂ ಹೋಗಿ ಕೇಳುತ್ತಿತ್ತು. ಮೊದಲು ಕೇಳಿದ್ದು ಟ್ಯಾಮ್ಸಿನ್‌ಳನ್ನು. ವಾಚನಾಲಯಕ್ಕೆ ಅವಳ ಗಂಡ ಜೇಬೆಜ್ ಟ್ರೆಗೆಂಜಾನ ಹೆಸರಿಡುವುದೆಂದು ಮಾತಾಗಿತ್ತು. ಕಟ್ಟಡಕ್ಕೆ ಮರ ಸಾಗಿಸಿದವನು ಅವನು. ಕಳೆದ ಚಳಿಗಾಲ ಕ್ರೈಸ್ಟ್‌ಚರ್ಚ್‌ನಿಂದ ಪುಸ್ತಕದ ಪೆಟ್ಟಿಗೆ ತರುವಾಗ ನದಿಯಲ್ಲಿ ಮುಳುಗಿ ಹೋದವನೂ ಅವನೇ. ಪೆಟ್ಟಿಗೆ ಮಾತ್ರ ದಡ ಸೇರಿತು, ಒಂದು ಪುಟವೂ ನೆನೆಯದೆ.

"ಇಡೀ ನ್ಯೂಜಿಲೆಂಡಿನಲ್ಲಿ ಅಕ್ಷರಕ್ಕಾಗಿ ಪ್ರಾಣ ಕೊಟ್ಟ ಬೇಲಿಕೆಲಸದವನು ಇವನೊಬ್ಬನೇ," ಎಂದು ಪಾದ್ರಿ ಸಮಾಧಿಯ ಬಳಿ ಹೇಳಿದ್ದರು. ಆಗ ಟ್ಯಾಮ್ಸಿನ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು.

ಮಿಸೆಸ್ ಹಾರ್ಬಾಟಲ್ ಡೈರಿ ತೆರೆದರು. "ಅಕ್ಷರ ನೋಡಿದ್ರೆ ಮುತ್ತು. ಬೇಲಿ ಹಾಕೋ ಕೈ ಅಂದ್ರೆ ಯಾರೂ ನಂಬಲ್ಲ."

"ಹೌದು, ಯಾರೂ ನಂಬಲ್ಲ."

"ಒಳಗೆ ಮಾತ್ರ ವಿಷ. ಕೇಳಿ. 'ಹೆಂಡತಿ ಬ್ರೆಡ್ಡು ಮಾಡಿದಳು. ಅರ್ಧ ತಿಂದೆವು. ಉಳಿದರ್ಧವನ್ನು ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದೇವೆ.' ಇನ್ನೊಂದು. 'ಹೆಂಡತಿ ಹಾಡಿದಳು. ಕುರಿಗಳು ಬೇಲಿ ಹಾರಿದವು. ಬೇಲಿಯಲ್ಲಿ ತಪ್ಪಿರಲಿಲ್ಲ.' ಆಮೇಲೆ ಇದು. 'ಹೆಂಡತಿ ಹಾಲು ಕರೆಯಲು ಕಲಿತಳು...'"

"'ಹಸುವಿಗೆ ಇನ್ನೂ ವಿಷಯ ಗೊತ್ತಾಗಿಲ್ಲ,'" ಎಂದು ಟ್ಯಾಮ್ಸಿನ್ ಮುಗಿಸಿದಳು.

"ಅಯ್ಯೋ ಪಾಪ, ಬಾಯಿಪಾಠ ಆಗೋಷ್ಟು ಚುಚ್ಚಿದೆ! ಊರಲ್ಲಿ ಹೆಣ್ಣುಮಕ್ಕಳ ಶಾಲೇಲಿ ಪಾಠ ಹೇಳ್ತಿದ್ದೋರು ನೀವು."

ಊರು ಎಂದರೆ ಇಂಗ್ಲೆಂಡು. ಅಲ್ಲಿ ಹೊಟ್ಟೆಗಿಲ್ಲದೆ ಓಡಿಬಂದವರೂ ಅದನ್ನು ಊರು ಎಂದೇ ಕರೆಯುತ್ತಿದ್ದರು.

"ಇದನ್ನೆಲ್ಲ ಬರೆಯೋವಾಗ ನೀವೆಲ್ಲಿದ್ರಿ?"

"ಇದೇ ಮೇಜಿನ ಹತ್ರ."

"ನಿಮ್ಮ ಕಣ್ಣೆದುರೇ! ಆ ಮನುಷ್ಯ ಏನ್ಮಾಡ್ತಿದ್ದ?"

"ನಗ್ತಿದ್ರು. ಕಣ್ಣಲ್ಲಿ ನೀರು ಬರೋವರೆಗೂ. ಇನ್ನೊಂದ್ಸಲ ಓದು ಅಂತಿದ್ರು."

"ನಿಮ್ಮ ಬಾಯಿಂದಲೇ ಓದಿಸ್ತಿದ್ನಾ? ಪಶು! ಚರ್ಚಲ್ಲಿ ನೋಡಿದ್ರೆ ಎಂಥ ಸಾಧು. ಪುಸ್ತಕ ಬಿಚ್ಚದೆ ಎಲ್ಲಾ ಹಾಡೂ ಹೇಳೋನು. ಬೈಬಲ್ ಓದೋ ಸರದಿ ಬಂದ್ರೆ ಮಾತ್ರ ಕಣ್ಣಿಗೆ ಧೂಳು ಬಿತ್ತು ಅಂತ ನಿಮ್ಮನ್ನ ಮುಂದಕ್ಕೆ ತಳ್ಳೋನು."

"ಈ ಬಯಲಲ್ಲಿ ಧೂಳು ಜಾಸ್ತಿ," ಎಂದಳು ಟ್ಯಾಮ್ಸಿನ್.

ಅವಳು ಬ್ರೆಡ್ಡು ಕೊಯ್ದು ಬೆಣ್ಣೆ ಸವರಿ ಮುಂದಿಟ್ಟಳು. ಡೈರಿ ಓದಿ ಬಂದ ಮಿಸೆಸ್ ಹಾರ್ಬಾಟಲ್ ಹಲ್ಲಿನ ಯೋಚನೆ ಮಾಡುತ್ತ ತುದಿಯಷ್ಟೇ ಕಚ್ಚಿದರು. ಇನ್ನೊಂದು ತುಂಡು ತೆಗೆದುಕೊಂಡರು.

"ಅರಳೆ ಇದ್ದ ಹಾಗಿದೆಯಲ್ರೀ! ಇದನ್ನಾ ಅವನು ಆಡಿಕೊಂಡಿದ್ದು?"

"ಈಚೆಗೆ ಉಬ್ಬೋಕೆ ಶುರುವಾಗಿದೆ."

ಮಿಸೆಸ್ ಹಾರ್ಬಾಟಲ್ ಬೆರಳು ಒರೆಸಿಕೊಂಡು ಚೀಲದಿಂದ ಸಮಿತಿಯ ಕಾಗದವನ್ನೂ ಪೆನ್ಸಿಲನ್ನೂ ತೆಗೆದರು. ಕಾಗದದ ತಲೆಯಲ್ಲೇ ಇತ್ತು: ಟ್ರೆಗೆಂಜಾ ವಾಚನಾಲಯ.

"ಬಡಗಿ ಹಲಗೆ ಹೆರೆದಿಟ್ಟು ಕೂತಿದ್ದಾನೆ. ಸಂಜೆ ಸಮಿತಿ ಸೇರುತ್ತೆ. ಕಟ್ಟಿಕೊಂಡೋಳನ್ನ ಹೀಗೆ ಹೀಯಾಳಿಸಿದೋನ ಹೆಸರು ನಮ್ಮ ಬಾಗಿಲ ಮೇಲೆ ಬೇಡ. ನಿಮ್ಮ ಮಾನಕ್ಕೋಸ್ಕರವೇ ಹೇಳ್ತಿದ್ದೀನಿ. ಹೊಡೆದುಹಾಕಲಾ?"

ಟ್ಯಾಮ್ಸಿನ್ ಪೆನ್ಸಿಲಿನ ಮೊನೆ ನೋಡಿದಳು. ಅವನದೆಂದು ಉಳಿಯಬಹುದಾದದ್ದು ಆ ಹಲಗೆಯೊಂದೇ. ಮಕ್ಕಳಿರಲಿಲ್ಲ. ಬೇಲಿಗಳು ಬೇರೆಯವರವು.

ಅದನ್ನು ಉಳಿಸಲು ಒಂದು ಮಾತು ಸಾಕಿತ್ತು. ಆದರೆ ಆ ಮಾತನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲವೆಂದು ಮದುವೆಯ ದಿನ, ಸಹಿ ಹಾಕಬೇಕಾದ ರಿಜಿಸ್ಟರಿನ ಮುಂದೆ ಅವನ ಕಿವಿ ಕೆಂಪಾದಾಗ, ಅವಳು ಆಣೆ ಮಾಡಿದ್ದಳು.

"ಅದರಲ್ಲಿ ಒಂದು ಸಾಲಿಗೂ ನಾನು ಅವರ ಮೇಲೆ ದೂರು ಹೇಳೋ ಹಾಗಿಲ್ಲ, ಹಾರ್ಬಾಟಲಮ್ಮ."

"ನಿಮ್ಮದು ದೊಡ್ಡ ಮನಸ್ಸು. ನಂದಲ್ಲ."

ಪೆನ್ಸಿಲು ಕಾಗದಕ್ಕೆ ತಾಗಿತು.

"ಅರ್ಧಕ್ಕೇ ಬಿಟ್ಟೆ ಅಂದ್ರಲ್ಲ," ಎಂದು ಟ್ಯಾಮ್ಸಿನ್ ಎದ್ದಳು. "ಕೊನೇ ಪುಟ ಒಂದು ನೋಡಿಬಿಡಿ. ಆಮೇಲೆ ಹೊಡೆದುಹಾಕಿ. ನಾನು ಟೀಗೆ ನೀರಿಡ್ತೀನಿ."

ಅವಳು ಬೆನ್ನು ತಿರುಗಿಸಿ ಒಲೆಯ ಮುಂದೆ ನಿಂತಳು.

ಮಿಸೆಸ್ ಹಾರ್ಬಾಟಲ್ ನಿಟ್ಟುಸಿರಿಟ್ಟು ಪುಟ ತಿರುವಿದರು. ಅದೇ ಮುತ್ತಿನಂಥ ಅಕ್ಷರ. ತಾರೀಖು ನೋಡಿದರು. ಸಮಾಧಿಯ ಬಳಿ ತಾವೂ ಹಿಡಿಮಣ್ಣು ಹಾಕಿದ ದಿನ ನೆನಪಿತ್ತು. ಇದು ಅದರ ಮರುದಿನದ್ದು. ಕೆಳಗಿದ್ದ ಎರಡೇ ಸಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ಸಿಲನ್ನು ಸದ್ದಾಗದಂತೆ ಚೀಲಕ್ಕೆ ಹಾಕಿದರು.

"ಹೆಂಡತಿಯ ಬ್ರೆಡ್ಡು ಇವತ್ತು ಮೊದಲ ಸಲ ಉಬ್ಬಿತು. ನೋಡಲು ನಾನಿರಲಿಲ್ಲ."