ಹೊಲಿಗೆ ಮನೆಯ ಗೋಡೆ

ಹುಡುಗಿಯರು ಓದಿದರೆ ಜೈಲು ಎಂದು ಸಾರಿದ್ದ ರಾಜ್ಯವದು. ಅಲ್ಲಿ ಹೊಲಿಗೆ ಕಲಿಸುವ ನೆಪದಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮನಷ್ಟು ಸೊಗಸಾಗಿ ಸುಳ್ಳು ಹೇಳುವವರು ಮೂರು ಲೋಕದಲ್ಲೂ ಇರಲಿಲ್ಲ. ಆಕೆ ಬಾಯಿ ತೆರೆದರೆ ಸಿಪಾಯಿಗಳ ಬಂದೂಕುಗಳೂ ತಲೆದೂಗುತ್ತಿದ್ದವು.

ಆ ದಿನ ಬಂದವನು ಹೊಸ ಅಧಿಕಾರಿ. ಬೂಟಿನ ಸದ್ದು ಕೇಳುತ್ತಲೇ ಪುಸ್ತಕಗಳೆಲ್ಲ ಬಟ್ಟೆಯ ರಾಶಿಯೊಳಗೆ ಮಾಯವಾದವು.

“ಇವರಿಗೆ ಓದು ಬರಹ ಬರುತ್ತೇನಮ್ಮಾ?”

“ಅಯ್ಯೋ ಬಿಡಿ ಸಾಹೇಬ್ರೆ! ಸಾಕ್ಷಾತ್ ಸರಸ್ವತಿ ಬಂದು ಕೂತ್ರೂ ಒಂದೇ ವಾರಕ್ಕೆ ವೀಣೆ ಎತ್ಕೊಂಡು ಓಡ್ತಾಳೆ. ಸೂಜಿ ಯಾವುದು, ಕತ್ತರಿ ಯಾವುದು ಅಂತ ಹೇಳ್ಕೊಡೋದ್ರಲ್ಲೇ ನನ್ನ ಕೂದಲು ನೆರೆತುಹೋಯ್ತು.”

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಹುಡುಗಿಯರೂ ನಕ್ಕರು. ಗಂಡಾಂತರ ಕಳೆಯಿತೆಂದು ಟೀಚರಮ್ಮ ಬಿಟ್ಟ ನಿಟ್ಟುಸಿರಿಗೆ ಕಿಟಕಿಯ ಪರದೆಯೇ ಹಾರಿತು.

ಹೊರಡುವ ಮುನ್ನ ಅವನು, ಹೆಣ್ಣುಮಕ್ಕಳ ಓದನ್ನು ನಿಷೇಧಿಸಿದ ಸರ್ಕಾರಿ ಆಜ್ಞೆಯನ್ನು ಜೇಬಿನಿಂದ ತೆಗೆದು ಬಿಡಿಸಿದ. ಚಿತ್ರವಿಲ್ಲ, ಮುದ್ರೆಯಿಲ್ಲ, ಹಾಳೆಯ ತುಂಬ ಬರೀ ಅಕ್ಷರ. ಅದನ್ನು ಎದುರಿಗಿದ್ದ ಪುಟ್ಟ ಹುಡುಗಿಯ ಕೈಗಿತ್ತು, “ಆ ಗೋಡೆಗೆ ಅಂಟಿಸು, ಮಗಳೇ” ಎಂದ.

ಟೀಚರಮ್ಮ ಕೈ ಚಾಚುವಷ್ಟರಲ್ಲಿ, ಅವನು ತಲೆಕೆಳಗಾಗಿ ಕೊಟ್ಟಿದ್ದ ಹಾಳೆಯನ್ನು ಹುಡುಗಿ ನೆಟ್ಟಗೆ ತಿರುಗಿಸಿ, ಅಂದವಾಗಿ ಅಂಟಿಸಿದಳು.