ಗಲ್ಲಾದಲ್ಲಿ ಕೂತ ಕೈರುಚಿ

ಒಲೆಯ ಮುಂದೆ ಬೇಯುತ್ತಿದ್ದವನು ನಾನು. ಗಿರಾಕಿಗಳು ಮಾತ್ರ ಗಲ್ಲಾದಲ್ಲಿ ಕೂತ ಯಜಮಾನರಿಗೆ, "ಏನು ಕೈರುಚಿ ಸ್ವಾಮಿ ನಿಮ್ಮದು" ಅನ್ನೋರು. ಸೌಟು ಹಿಡಿಯಲೂ ಬಾರದ ಆ ಮನುಷ್ಯ ನಕ್ಕು ಸುಮ್ಮನಾಗೋರು. ಒಳಗೆ ನನಗೆ ಮೈಯೆಲ್ಲ ಉರಿಯೋದು.

ಕೊನೆಗೆ ಸೌಟು ಎಸೆದು ಬಂದೆ. ಅವರ ಎದುರಿಗೇ ನನ್ನ ಹೋಟೆಲ್ ತೆರೆದೆ.

ಮೊದಲ ದಿನವೇ ಅಲ್ಲಿನ ಹಳೇ ಗಿರಾಕಿ ಮೇಷ್ಟ್ರು ಬಂದರು. ಇಡ್ಲಿಯನ್ನು ಸಾಂಬಾರಲ್ಲಿ ಅದ್ದಿ ಬಾಯಿಗಿಟ್ಟವರು ಮುಖ ಗಂಟಿಕ್ಕಿದರು.

"ಇದು ಎದುರಿನವರ ಸಾಂಬಾರಲ್ವೇನಯ್ಯಾ?"

"ನನ್ನದೇ ಮೇಷ್ಟ್ರೇ. ಅಲ್ಲೂ ನಾನೇ ಮಾಡ್ತಿದ್ದೆ."

"ಸುಳ್ಳು ಬೇರೆ. ಉಂಡ ಮನೆಗೆ ಎರಡು ಬಗೀತೀಯಾ?"

"ಅವರಿಗೆ ಒಲೆ ಹಚ್ಚೋಕೂ ಬರಲ್ಲ," ಎಂದು ಗುಡುಗಿದೆ.

ಮೇಷ್ಟ್ರು ಸಾಂಬಾರಿನ ಬಟ್ಟಲೆತ್ತಿ ಪೂರ್ತಿ ಕುಡಿದು ಕೆಳಗಿಟ್ಟರು.

"ಕದ್ದು ಮಾಡಿದ್ರೂ ಅವರ ಕೈರುಚಿ ಬರಲಿಲ್ಲ ನೋಡು."